ಆದವಾನಿ ಸೀಮೆಯ ಮನೆಗಳಲ್ಲಿ ಅಂತರ್ಜಾಲ: ಕೇಬಲ್ ಬಂದ ಮೇಲಿನ ಪ್ರಶ್ನೆ

ಕರ್ನೂಲು ಜಿಲ್ಲೆಯ ಪಶ್ಚಿಮದ ಅಂಚಿನಲ್ಲಿರುವ ಆದವಾನಿ, ಆಲೂರು, ಹೊಳಗುಂದ, ಹಾಲಹರ್ವಿ, ಕೌತಾಳ, ಕೋಸಿಗಿ, ಮಂತ್ರಾಲಯ ಮಂಡಲಗಳ ಹಳ್ಳಿಗಳಲ್ಲಿ ಅಂತರ್ಜಾಲವೇ ಇಲ್ಲ ಎಂದು ಈಗ ಯಾರೂ ಹೇಳಲಾರರು. ಬೇಕಾದ ಹೊತ್ತಿಗೆ ಅದು ಇರುತ್ತದೆ ಎಂದೂ ಹೇಳಲಾರರು. ಕೇಬಲ್ಲು ಊರಿನವರೆಗೆ ಬಂದಿದೆ, ಟವರುಗಳು ಎದ್ದಿವೆ, ಬಹುತೇಕ ಮನೆಗಳಲ್ಲಿ ಸ್ಮಾರ್ಟ್‌ಫೋನ್ ಇದೆ. ಆದರೂ ಮಳೆಗಾಳಿಯ ಮರುದಿನ, ಕರೆಂಟು ಹೋದ ಸಂಜೆ, ಹೊಟ್ಟು-ಮೇವಿನ ಗಾಡಿಗಳು ಓಡಾಡುವ ಸುಗ್ಗಿಯ ವಾರಗಳಲ್ಲಿ ಮನೆಯ ಸಂಪರ್ಕ ಕಡಿದುಹೋದರೆ ಅದು ಮತ್ತೆ ಯಾವಾಗ ಬರುತ್ತದೆ ಎಂಬ ಪ್ರಶ್ನೆಗೆ ಖಚಿತವಾಗಿ ಉತ್ತರಿಸುವವರು ಸಿಗುವುದು ಕಷ್ಟ. ಗ್ರಾಮೀಣ ಅಂತರ್ಜಾಲದ ಬಗೆಗಿನ ಸರ್ಕಾರಿ ಪ್ರಕಟಣೆಗಳು ಎಷ್ಟು ಕಿಲೋಮೀಟರ್ ಕೇಬಲ್ ಎಳೆಯಲಾಯಿತು, ಎಷ್ಟು ಪಂಚಾಯಿತಿಗಳನ್ನು ಮುಟ್ಟಲಾಯಿತು ಎಂಬುದನ್ನು ಎಣಿಸುತ್ತವೆ. ಕಡಿದ ಕೇಬಲ್ಲನ್ನು ಎಷ್ಟು ಗಂಟೆಯಲ್ಲಿ ಬೆಸೆಯಲಾಯಿತು ಎಂಬ ಲೆಕ್ಕವೇ ಮನೆಯವರಿಗೆ ಮುಖ್ಯವಾದದ್ದು, ಮತ್ತು ಈ ಲೇಖನದ ವಿಷಯವೂ ಅದೇ.

ಈ ಸೀಮೆಯ ಸ್ಥಿತಿಗೆ ಒಂದು ಹಿನ್ನೆಲೆಯಿದೆ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ರಚನೆಯಾದಾಗ ಮದ್ರಾಸ್ ರಾಜ್ಯದ ಬಳ್ಳಾರಿ ಜಿಲ್ಲೆ ಒಡೆದು, ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೂ ಉಳಿದ ಭಾಗ ಮೈಸೂರಿಗೂ ಸೇರಿದವು. ಅಂದಿನಿಂದ ಇಲ್ಲಿನ ಕನ್ನಡ ಕುಟುಂಬಗಳ ಬಂಧುತ್ವ, ಮದುವೆ, ಸಂತೆ, ದೇವರ ನಡೆ ಎಲ್ಲವೂ ಸಿರುಗುಪ್ಪ, ಬಳ್ಳಾರಿ, ರಾಯಚೂರುಗಳ ಕಡೆಗೆ ಚಾಚಿಕೊಂಡಿದ್ದರೂ ವಿದ್ಯುತ್ತು, ಪಡಿತರ, ಪಹಣಿ, ದೂರವಾಣಿ ಮಾತ್ರ ಆಂಧ್ರದ ವ್ಯವಸ್ಥೆಗೆ ಸೇರಿವೆ. ಜಿಲ್ಲಾ ಕೇಂದ್ರವಾದ ಕರ್ನೂಲು ಆದವಾನಿಯಿಂದ ಸುಮಾರು 100 ಕಿಲೋಮೀಟರ್ ದೂರದಲ್ಲಿದೆ. ಗಡಿಯ ಹಳ್ಳಿಗಳಿಂದ ಅದು ಇನ್ನೂ ದೂರ. ಎರಡೂ ರಾಜ್ಯಗಳ ಆಡಳಿತಕೇಂದ್ರಗಳಿಂದ ದೂರವಿರುವ ಇಂಥ ಅಂಚಿನ ಪ್ರದೇಶಕ್ಕೆ ಯಾವ ಜಾಲವೇ ಆಗಲಿ ಕೊನೆಗೆ ತಲುಪುತ್ತದೆ, ಕೆಟ್ಟರೆ ದುರಸ್ತಿಯೂ ಕೊನೆಗೇ ಆಗುತ್ತದೆ.

ಮನೆಗೆ ಅಂತರ್ಜಾಲ ಬೇಕಾಗಿರುವುದು ಮನರಂಜನೆಗೆ ಮಾತ್ರ ಎಂಬ ಭಾವನೆ ಇನ್ನೂ ಅಲ್ಲಲ್ಲಿ ಉಳಿದಿದೆ. ಈ ಸೀಮೆಯ ದಿನನಿತ್ಯದ ವ್ಯವಹಾರವನ್ನು ಗಮನಿಸಿದರೆ ಅದು ಸರಿಯಲ್ಲವೆಂದು ತಿಳಿಯುತ್ತದೆ. ಆದವಾನಿ ಹತ್ತಿಯ ಪೇಟೆ. ಭಾರತೀಯ ಹತ್ತಿ ನಿಗಮಕ್ಕೆ ಬೆಂಬಲ ಬೆಲೆಯಲ್ಲಿ ಹತ್ತಿ ಮಾರಬೇಕಾದ ರೈತ 2025ರಲ್ಲಿ ಜಾರಿಗೆ ಬಂದ ಕಪಾಸ್ ಕಿಸಾನ್ ಎಂಬ ಮೊಬೈಲ್ ಆ್ಯಪ್‌ನಲ್ಲಿ ತನ್ನ ಆಧಾರ್ ಮತ್ತು ಜಮೀನಿನ ವಿವರ ದಾಖಲಿಸಿ, ಮಾರಾಟದ ದಿನವನ್ನು ಮುಂಗಡವಾಗಿ ಕಾಯ್ದಿರಿಸಬೇಕಾಗಿದೆ. ಆಂಧ್ರ ಸರ್ಕಾರವು 2025ರ ಜನವರಿ 30ರಂದು ಆರಂಭಿಸಿದ ಮನ ಮಿತ್ರ ಎಂಬ ವಾಟ್ಸ್ಆ್ಯಪ್ ಸೇವೆಯ ಮೂಲಕ ಪ್ರಮಾಣಪತ್ರಗಳು, ಬಿಲ್ ಪಾವತಿ, ದೂರು ಇತ್ಯಾದಿ 161 ಸೇವೆಗಳನ್ನು ಮೊದಲ ಹಂತದಲ್ಲೇ ಫೋನಿಗೆ ತಂದಿತು. ಉದ್ಯೋಗ ಖಾತರಿ ಕೆಲಸದ ಹಾಜರಿಯನ್ನು ಕೂಡ 2023ರ ಜನವರಿಯಿಂದ ಕೆಲಸದ ಸ್ಥಳದ ಛಾಯಾಚಿತ್ರ ಸಹಿತ ಆ್ಯಪ್‌ನಲ್ಲಿಯೇ ದಾಖಲಿಸಬೇಕೆಂಬ ನಿಯಮ ಬಂತು. ಹೀಗೆ ಕಚೇರಿಯ ಕಿಟಕಿಯೇ ಫೋನಿನೊಳಕ್ಕೆ ಸರಿದಿರುವಾಗ, ಸಂಪರ್ಕ ಕಡಿದ ಮನೆಗೆ ಕಚೇರಿಯೂ ಮುಚ್ಚಿದಂತೆಯೇ.

ಇದಕ್ಕಿಂತ ಆಳವಾದ ಇನ್ನೆರಡು ಕಾರಣಗಳು ಈ ಭಾಗಕ್ಕೇ ವಿಶಿಷ್ಟವಾದವು. ಮೊದಲನೆಯದು ಗುಳೆ. ಕೋಸಿಗಿ, ಕೌತಾಳ, ಆದವಾನಿ ಸುತ್ತಲಿನ ಮಳೆಯಾಶ್ರಿತ ಹಳ್ಳಿಗಳಿಂದ ಪ್ರತಿ ವರ್ಷವೂ ಸಂಸಾರಸಮೇತವಾಗಿ ಜನರು ಗುಂಟೂರಿನ ಕಡೆ ಮೆಣಸಿನಕಾಯಿ ಬಿಡಿಸಲು, ತೆಲಂಗಾಣದ ಕಡೆ ಹತ್ತಿ ಬಿಡಿಸಲು, ಬೆಂಗಳೂರಿಗೆ ಕಟ್ಟಡದ ಕೆಲಸಕ್ಕೆ ಹೋಗುತ್ತಾರೆ. ಊರಲ್ಲಿ ಉಳಿದ ಮುದುಕರಿಗೂ ಶಾಲೆಯ ಮಕ್ಕಳಿಗೂ ತಂದೆತಾಯಿಯ ಮುಖ ಕಾಣುವುದು ವಿಡಿಯೊ ಕರೆಯಲ್ಲಿ, ಹಣ ಬರುವುದು ಫೋನಿನ ಮೂಲಕ. ಎರಡನೆಯದು ಭಾಷೆ. ಇಲ್ಲಿನ ಕನ್ನಡ ಮಾಧ್ಯಮ ಶಾಲೆಗಳ ಮಕ್ಕಳಿಗೆ ಪಠ್ಯಪುಸ್ತಕವೊಂದನ್ನು ಬಿಟ್ಟರೆ ಕನ್ನಡದ ಓದಿನ ಸಾಮಗ್ರಿ ಪೇಟೆಯಲ್ಲಿ ಸುಲಭಕ್ಕೆ ಸಿಗುವುದಿಲ್ಲ. ಕರ್ನಾಟಕ ಸರ್ಕಾರದ ಕಣಜ ಜಾಲತಾಣ, ಮೈಸೂರಿನ ಭಾರತೀಯ ಭಾಷೆಗಳ ಕೇಂದ್ರೀಯ ಸಂಸ್ಥೆ 2016ರಲ್ಲಿ ತೆರೆದ ಭಾರತವಾಣಿ, ಕನ್ನಡ ವಿಕಿಪೀಡಿಯ, ದೀಕ್ಷಾ ವೇದಿಕೆಯ ಕನ್ನಡ ಪಾಠಗಳು ಗಡಿ ದಾಟಿ ಬರುವುದು ಅಂತರ್ಜಾಲದ ದಾರಿಯಲ್ಲಿ ಮಾತ್ರ. ರಾಜ್ಯದ ಗಡಿಯಾಚೆ ಉಳಿದ ಕನ್ನಡದ ಮಗುವಿಗೆ ಮನೆಯಲ್ಲೊಂದು ನೆಚ್ಚಬಹುದಾದ ಸಂಪರ್ಕ ಎಂದರೆ ಒಂದು ಕನ್ನಡ ಗ್ರಂಥಾಲಯ ತೆರೆದಂತೆ ಎಂಬುದು ಅತಿಶಯೋಕ್ತಿಯಲ್ಲ.

ಕೇಬಲ್ಲು ಈ ಊರುಗಳಿಗೆ ಬಂದ ಬಗೆಯನ್ನು ತಿಳಿದರೆ ಅದು ಕೆಡುವ ಬಗೆಯೂ ತಿಳಿಯುತ್ತದೆ. ಆರಂಭದಲ್ಲಿದ್ದದ್ದು ದೂರವಾಣಿಯ ತಾಮ್ರದ ತಂತಿ. ಅದೇ ತಂತಿಯ ಮೇಲೆ ಅಂತರ್ಜಾಲವನ್ನೂ ಹಾಯಿಸುವ ಡಿಎಸ್‌ಎಲ್ ಎಂಬ ವಿಧಾನವನ್ನು ಬಿಎಸ್‌ಎನ್‌ಎಲ್ ಬಳಸುತ್ತಿತ್ತು. ಆದರೆ ತಾಮ್ರದಲ್ಲಿ ಸಂಕೇತವು ಬೇಗ ಕ್ಷೀಣಿಸುವುದರಿಂದ ಎಕ್ಸ್‌ಚೇಂಜಿನಿಂದ ನಾಲ್ಕೈದು ಕಿಲೋಮೀಟರ್ ದಾಟಿದ ಮನೆಗೆ ಅದು ಪ್ರಯೋಜನಕ್ಕೆ ಬರುತ್ತಿರಲಿಲ್ಲ. ಪೇಟೆಗೆ ಸಿಕ್ಕದ್ದು ಹಳ್ಳಿಗೆ ಸಿಗದೆ ಹೋದದ್ದಕ್ಕೆ ಈ ಭೌತಿಕ ಮಿತಿಯೇ ದೊಡ್ಡ ಕಾರಣ. 2011ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರವು ಎಲ್ಲ ಗ್ರಾಮ ಪಂಚಾಯಿತಿಗಳಿಗೂ ಗಾಜಿನೆಳೆಯ ಕೇಬಲ್, ಅಂದರೆ ಆಪ್ಟಿಕಲ್ ಫೈಬರ್ ಎಳೆಯುವ ಯೋಜನೆಗೆ ಒಪ್ಪಿಗೆ ನೀಡಿತು. ಮುಂದೆ ಇದಕ್ಕೆ ಭಾರತ್‌ನೆಟ್ ಎಂಬ ಹೆಸರಾಯಿತು. ಆಂಧ್ರಪ್ರದೇಶ ತನ್ನದೇ ಆದ ಇನ್ನೊಂದು ದಾರಿ ಹಿಡಿದು, 2015ರಲ್ಲಿ ಆಂಧ್ರಪ್ರದೇಶ ರಾಜ್ಯ ಫೈಬರ್‌ನೆಟ್ ಎಂಬ ಸರ್ಕಾರಿ ಕಂಪನಿಯನ್ನು ಸ್ಥಾಪಿಸಿತು. ನೆಲ ಅಗೆಯುವುದಕ್ಕೆ ಬದಲಾಗಿ ವಿದ್ಯುತ್ ಕಂಬಗಳ ಮೇಲೆಯೇ ಸುಮಾರು 24 ಸಾವಿರ ಕಿಲೋಮೀಟರ್ ಉದ್ದದ ಕೇಬಲ್ ಎಳೆದದ್ದು, ವಿದ್ಯುತ್ ಉಪಕೇಂದ್ರಗಳಲ್ಲಿಯೇ ಜಾಲದ ಯಂತ್ರಗಳನ್ನು ಕೂರಿಸಿದ್ದು ಅದರ ವೈಶಿಷ್ಟ್ಯ. ಅಗೆತದ ಖರ್ಚು, ರಸ್ತೆ ಇಲಾಖೆಯ ಅನುಮತಿ, ಜಮೀನಿನವರ ತಕರಾರು ಎಲ್ಲವೂ ಇದರಿಂದ ತಪ್ಪಿ, ಮೊದಲ ಹಂತವು ಕೆಲವೇ ನೂರು ಕೋಟಿ ರೂಪಾಯಿಗಳಲ್ಲಿ ಮುಗಿಯಿತು. 2017ರ ಡಿಸೆಂಬರ್ 27ರಂದು ಅಂದಿನ ರಾಷ್ಟ್ರಪತಿ ರಾಮನಾಥ ಕೋವಿಂದ್ ಇದನ್ನು ಉದ್ಘಾಟಿಸಿದಾಗ ತಿಂಗಳಿಗೆ 149 ರೂಪಾಯಿಗೆ 15 ಎಂಬಿಪಿಎಸ್ ವೇಗದ ಅಂತರ್ಜಾಲ, ದೂರವಾಣಿ ಮತ್ತು ಟಿವಿ ವಾಹಿನಿಗಳು ಒಟ್ಟಿಗೆ ಎಂಬ ಘೋಷಣೆ ದೇಶದ ಗಮನ ಸೆಳೆದಿತ್ತು. ಎಂಬಿಪಿಎಸ್ ಎಂದರೆ ಸೆಕೆಂಡಿಗೆ ಹತ್ತು ಲಕ್ಷ ಬಿಟ್‌ಗಳು ಹರಿಯುವ ಅಳತೆ. ಭಾರತದಲ್ಲಿ ಬ್ರಾಡ್‌ಬ್ಯಾಂಡ್ ಎನಿಸಿಕೊಳ್ಳಲು 2023ರಿಂದ ಕನಿಷ್ಠ 2 ಎಂಬಿಪಿಎಸ್ ಇರಬೇಕೆಂದು ನಿಗದಿಯಾಗಿದೆ. ಆ ದೃಷ್ಟಿಯಿಂದ ನೋಡಿದರೆ ಅಂದು ಘೋಷಿಸಿದ ವೇಗ ಒಂದು ಸಂಸಾರಕ್ಕೆ ಧಾರಾಳವಾಗಿ ಸಾಕಾಗುವಂಥದು.

ಆಂಧ್ರದ ಈ ಪ್ರಯೋಗವನ್ನು ಮೆಚ್ಚಲೇಬೇಕು. ಹಿಂದುಳಿದ ಸೀಮೆಗೂ ಪೇಟೆಗೂ ಒಂದೇ ದರವಿಟ್ಟ ಧೈರ್ಯ ಸಾಮಾನ್ಯವಾದುದಲ್ಲ. ಆದರೆ ಅಗ್ಗವಾಗಿ, ಬೇಗವಾಗಿ ಎಳೆದದ್ದಕ್ಕೆ ತೆರಬೇಕಾದ ಬೆಲೆಯೂ ಇದೆ, ಮತ್ತು ಅದನ್ನು ತೆರುತ್ತಿರುವವರು ಕಂಬದಿಂದ ಅತಿ ದೂರದ ಮನೆಯವರು.

ಗಾಜಿನೆಳೆ ಕೆಲಸ ಮಾಡುವ ಕ್ರಮವನ್ನು ಇಲ್ಲಿ ಸ್ವಲ್ಪ ವಿವರವಾಗಿ ನೋಡುವುದು ಅಗತ್ಯ. ಕೇಬಲ್ಲಿನೊಳಗಿನ ಒಂದೊಂದು ಎಳೆಯೂ ಸುಮಾರು 125 ಮೈಕ್ರಾನ್ ದಪ್ಪದ ಶುದ್ಧ ಗಾಜು. ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು. ಅದರ ನಡುವೆ ಬೆಳಕು ಹರಿಯುವ ತಿರುಳಿನ ದಪ್ಪ ಸುಮಾರು 9 ಮೈಕ್ರಾನ್ ಮಾತ್ರ. ಕಣ್ಣಿಗೆ ಕಾಣದ ಅವಕೆಂಪು ಬೆಳಕಿನ ಮಿಡಿತಗಳ ರೂಪದಲ್ಲಿ ಮಾಹಿತಿ ಹರಿಯುತ್ತದೆ. ಮನೆಗಳಿಗೆ ಸಂಪರ್ಕ ಕೊಡುವ ಜಾಲದಲ್ಲಿ ಕೇಂದ್ರದ ಯಂತ್ರಕ್ಕೆ ಒಎಲ್‌ಟಿ ಎಂದೂ ಮನೆಯಲ್ಲಿ ಗೋಡೆಗೆ ಹಾಕುವ ಪೆಟ್ಟಿಗೆಗೆ ಒಎನ್‌ಟಿ ಎಂದೂ ಹೆಸರು. ಇವೆರಡರ ನಡುವೆ ಸ್ಪ್ಲಿಟರ್ ಎಂಬ ಸಣ್ಣ ಸಾಧನವಿದ್ದು, ಅದು ಒಂದು ಎಳೆಯ ಬೆಳಕನ್ನು 8, 16 ಅಥವಾ 32 ಪಾಲು ಮಾಡಿ ಅಷ್ಟು ಮನೆಗಳಿಗೆ ಹಂಚುತ್ತದೆ. ಇಂದು ವ್ಯಾಪಕವಾಗಿರುವ ಜಿಪಾನ್ ತಂತ್ರದಲ್ಲಿ ಕೇಂದ್ರದಿಂದ ಮನೆಗಳ ಕಡೆಗೆ ಒಟ್ಟು ಸುಮಾರು 2,500 ಎಂಬಿಪಿಎಸ್ ಹರಿಯಬಲ್ಲುದಾಗಿ, ಸುಮಾರು 20 ಕಿಲೋಮೀಟರ್ ದೂರದವರೆಗೂ ನಡುದಾರಿಯಲ್ಲಿ ಕರೆಂಟು ಬೇಡುವ ಯಂತ್ರವೇ ಇಲ್ಲದೆ ಬೆಳಕು ತಲುಪುತ್ತದೆ. ಕರೆಂಟು ನೆಚ್ಚಲಾಗದ ಊರಿಗೆ ಇದಕ್ಕಿಂತ ಹೊಂದುವ ತಂತ್ರ ಇನ್ನೊಂದಿಲ್ಲ.

ಆದರೆ ಬೆಳಕಿನ ಲೆಕ್ಕ ಬಹಳ ಬಿಗಿಯಾದದ್ದು. ಪ್ರತಿ ಸಲ ಎರಡು ಪಾಲಾದಾಗ ಬೆಳಕಿನ ಬಲ ಅರ್ಧವಾಗುತ್ತದೆ. 32 ಪಾಲಾದ ಮೇಲೆ ಮನೆಗೆ ಬರುವುದು ಮೂಲದ ಮೂವತ್ತೆರಡನೆಯ ಒಂದು ಭಾಗಕ್ಕಿಂತಲೂ ಕಡಿಮೆ. ಅದರ ಮೇಲೆ ಪ್ರತಿ ಬೆಸುಗೆಯಲ್ಲಿ, ಪ್ರತಿ ಜೋಡಣೆಯಲ್ಲಿ, ಕಂಬಕ್ಕೆ ಸುತ್ತುವಾಗ ಎಳೆ ಅತಿಯಾಗಿ ಬಾಗಿದ ಪ್ರತಿ ತಿರುವಿನಲ್ಲಿ ಇನ್ನಷ್ಟು ಬೆಳಕು ಸೋರುತ್ತದೆ. ಬೆಳಕಿನ ಬಲವನ್ನು ಡಿಬಿಎಂ ಎಂಬ ಮಾನದಲ್ಲಿ ಅಳೆಯುತ್ತಾರೆ. ಮನೆಯ ಪೆಟ್ಟಿಗೆಗೆ ತಲುಪುವ ಬೆಳಕು ಮೈನಸ್ 27ಕ್ಕಿಂತ ಕೆಳಗಿಳಿದರೆ ಸಂಪರ್ಕ ತುಂಡುತುಂಡಾಗತೊಡಗುತ್ತದೆ. ಹೊಸದಾಗಿ ಹಾಕಿಸಿದಾಗ ಮೈನಸ್ 20ರ ಆಸುಪಾಸಿನಲ್ಲಿದ್ದ ಮನೆಗೆ ಮುಂದೆ ಎರಡು ಮೂರು ಬಾರಿ ಕೇಬಲ್ ಕಡಿದು ಅವಸರದಲ್ಲಿ ಬೆಸೆದರೂ ಅದನ್ನು ತಾಳಿಕೊಳ್ಳುವ ಅವಕಾಶವಿರುತ್ತದೆ. ಮೊದಲ ದಿನವೇ ಮೈನಸ್ 26ರಲ್ಲಿ ನಿಂತ ಮನೆಗೆ ಆ ಅವಕಾಶವೇ ಇಲ್ಲ. ಆದ್ದರಿಂದ ಸಂಪರ್ಕ ಹಾಕುವ ದಿನ ಬೆಳಕಿನ ಬಲವನ್ನು ಅಳೆದು ತೋರಿಸುವಂತೆ ಕೇಳಿ, ಆ ಅಂಕಿಯನ್ನು ಬರೆದಿಟ್ಟುಕೊಳ್ಳುವುದು ಮನೆಯವರು ಮಾಡಬಹುದಾದ ಮೊದಲ ಮತ್ತು ಬಹುಶಃ ಅತ್ಯಂತ ಉಪಯುಕ್ತ ಕೆಲಸ.

ಕೇಬಲ್ ಎಲ್ಲಿ ಕಡಿಯುತ್ತದೆ ಎಂಬುದನ್ನು ಈ ನೆಲವೇ ನಿರ್ಧರಿಸುತ್ತದೆ. ಆದವಾನಿಯ ಸುತ್ತ ಎರಡು ಬಗೆಯ ನೆಲವಿದೆ: ಒಂದು ಎರೆಭೂಮಿ, ಇನ್ನೊಂದು ಬೆಣಚು ಮತ್ತು ಬಂಡೆಗುಡ್ಡಗಳ ಸೀಮೆ. ಎರೆಮಣ್ಣು ಮಳೆಗಾಲದಲ್ಲಿ ಉಬ್ಬಿ, ಬೇಸಿಗೆಯಲ್ಲಿ ಆಳವಾಗಿ ಬಿರುಕು ಬಿಡುವುದರಿಂದ ಅದರಲ್ಲಿ ಹೂಳಿದ ಕೊಳವೆಯೂ ನೆಟ್ಟ ಕಂಬವೂ ವರ್ಷದಿಂದ ವರ್ಷಕ್ಕೆ ಅಲುಗುತ್ತವೆ. ಕಂಬ ವಾಲಿದರೆ ತಂತಿ ಜೋಲುತ್ತದೆ. ಬಂಡೆಯ ನೆಲದಲ್ಲಿ ಅಗೆಯುವುದೇ ದುಬಾರಿಯಾದ್ದರಿಂದ ಅಲ್ಲಿಯೂ ಕೇಬಲ್ಲು ಮೇಲೆಯೇ ಹೋಗಬೇಕು. ಹೀಗೆ ಮೇಲೆ ಜೋತುಬಿದ್ದ ಕೇಬಲ್ಲಿಗೆ ಹುಲ್ಲು ಹೇರಿದ ಟ್ರ್ಯಾಕ್ಟರು, ಹತ್ತಿ ಅಂಡಿಗೆಗಳನ್ನು ಎತ್ತರಕ್ಕೆ ಪೇರಿಸಿದ ಲಾರಿ, ಕೊಯ್ಲಿನ ಯಂತ್ರಗಳೇ ಶತ್ರುಗಳು. ತುಂಗಭದ್ರಾ ಕೆಳಮಟ್ಟದ ಕಾಲುವೆಯ ಕಡೆ ಭತ್ತದ ಕೊಯ್ಲು, ಮಿಕ್ಕ ಕಡೆ ಹತ್ತಿಯ ಸಾಗಾಟ ನಡೆಯುವ ತಿಂಗಳುಗಳಲ್ಲಿ ಅಪಾಯ ಹೆಚ್ಚು. ನೆಲದಡಿಯ ಕೇಬಲ್ಲಿಗೆ ರಸ್ತೆ ಅಗಲೀಕರಣ ಮತ್ತು ನೀರಿನ ಕೊಳವೆ ಕಾಮಗಾರಿಯ ಜೆಸಿಬಿಯೇ ದೊಡ್ಡ ಆಪತ್ತು. ಅಗೆಯುವ ಮುನ್ನ ಕೇಬಲ್ಲಿನ ಒಡೆಯರಿಗೆ ತಿಳಿಸಲೆಂದೇ ಕೇಂದ್ರ ಸರ್ಕಾರ 2023ರ ಮಾರ್ಚ್‌ನಲ್ಲಿ ಕಾಲ್ ಬಿಫೋರ್ ಯು ಡಿಗ್ ಎಂಬ ಆ್ಯಪ್ ತಂದಿದೆ. ಗುತ್ತಿಗೆದಾರರು ಅದನ್ನು ಬಳಸುವಂತೆ ಪಂಚಾಯಿತಿಗಳು ಒತ್ತಾಯಿಸುವುದು ಕಷ್ಟದ ಕೆಲಸವೇನಲ್ಲ.

ಕಡಿದ ಎಳೆಯನ್ನು ತಾಮ್ರದ ತಂತಿಯಂತೆ ಹೊಸೆದು ಟೇಪು ಸುತ್ತಿದರೆ ಆಗುವುದಿಲ್ಲ. ಎರಡು ತುದಿಗಳನ್ನೂ ನುಣುಪಾಗಿ ಕತ್ತರಿಸಿ, ಫ್ಯೂಷನ್ ಸ್ಪ್ಲೈಸರ್ ಎಂಬ ಯಂತ್ರದಲ್ಲಿ ಕೂದಲೆಳೆಯಷ್ಟೂ ತಪ್ಪದಂತೆ ಎದುರುಬದುರಾಗಿಸಿ, ವಿದ್ಯುತ್ ಕಿಡಿಯಿಂದ ಕರಗಿಸಿ ಬೆಸೆಯಬೇಕು. ಆ ಯಂತ್ರದ ಬೆಲೆ ಲಕ್ಷ ರೂಪಾಯಿಯ ಆಸುಪಾಸು. ಅದನ್ನು ನಡೆಸುವವರಿಗೆ ಪರಿಣತಿ ಬೇಕು. ಕಡಿದ ಜಾಗ ಎಷ್ಟು ದೂರದಲ್ಲಿದೆ ಎಂದು ಬೆಳಕನ್ನು ಹಾಯಿಸಿ ಪತ್ತೆಹಚ್ಚುವ ಇನ್ನೊಂದು ಯಂತ್ರವೂ ಬೇಕು. ಫೈಬರ್‌ನೆಟ್ ಆಗಲಿ ಇತರ ಕಂಪನಿಗಳಾಗಲಿ ಊರೊಳಗಿನ ಸಂಪರ್ಕವನ್ನು ಬಹುಮಟ್ಟಿಗೆ ಸ್ಥಳೀಯ ಕೇಬಲ್ ಆಪರೇಟರುಗಳ ಮೂಲಕವೇ ಕೊಡುತ್ತವೆ. ತಿಂಗಳ ಚಂದಾದಲ್ಲಿ ಒಂದು ಪಾಲು ಮಾತ್ರ ಪಡೆಯುವ ಆಪರೇಟರನು ಐದಾರು ಹಳ್ಳಿಗಳಲ್ಲಿ ಹರಡಿದ ಕೆಲವೇ ಮನೆಗಳಿಗಾಗಿ ಯಂತ್ರವನ್ನೂ ಆಳನ್ನೂ ಇಟ್ಟುಕೊಳ್ಳಲಾರದೆ, ಆದವಾನಿಯಿಂದಲೋ ಎಮ್ಮಿಗನೂರಿನಿಂದಲೋ ಬೆಸೆಯುವವರನ್ನು ಕರೆಸಿಕೊಳ್ಳಬೇಕಾಗುತ್ತದೆ. ಅವರು ಬರುವುದು ಹಲವು ದೂರುಗಳು ಒಟ್ಟಾದ ಮೇಲೆ. ಮನೆಯವರಿಗೆ ಇದು ಆಪರೇಟರನ ಉದಾಸೀನದಂತೆ ಕಾಣಬಹುದು. ವಾಸ್ತವದಲ್ಲಿ ಚಂದಾದರವನ್ನು ಇಳಿಸಿದ ಯೋಜನೆಯು ದುರಸ್ತಿಯ ಖರ್ಚನ್ನು ಯಾರ ತಲೆಗೂ ಸರಿಯಾಗಿ ಕಟ್ಟದೆ ಬಿಟ್ಟದ್ದೇ ಇದರ ಮೂಲ.

ಹೀಗೆ ತಡವಾಗುವ ದುರಸ್ತಿಯನ್ನು ಪ್ರತಿಶತದ ಭಾಷೆ ಮರೆಮಾಡುತ್ತದೆ. ಸೇವೆ ಶೇಕಡಾ 99ರಷ್ಟು ಸಮಯ ಲಭ್ಯವಿತ್ತು ಎಂದರೆ ವರ್ಷದಲ್ಲಿ ಮೂರೂವರೆ ದಿನಕ್ಕಿಂತ ಹೆಚ್ಚು ಕಾಲ ಇರಲಿಲ್ಲವೆಂದು ಅರ್ಥ; ಶೇಕಡಾ 95 ಎಂದರೆ 18 ದಿನ. ಆ 18 ದಿನಗಳು ಹತ್ತಿ ಮಾರಾಟದ ದಿನವನ್ನು ಕಾಯ್ದಿರಿಸಬೇಕಾದ ವಾರದಲ್ಲಿಯೇ ಬಂದರೆ ಉಳಿದ 347 ದಿನಗಳ ಸೇವೆ ರೈತನಿಗೆ ಸಮಾಧಾನ ತರದು.

ದುರಸ್ತಿಯನ್ನು ಕಡೆಗಣಿಸಿದ ಈ ದೋಷವನ್ನು ಕೇಂದ್ರ ಸರ್ಕಾರವೂ ತಡವಾಗಿಯಾದರೂ ಗುರುತಿಸಿದೆ. 2023ರ ಆಗಸ್ಟ್‌ನಲ್ಲಿ 1,39,579 ಕೋಟಿ ರೂಪಾಯಿ ವೆಚ್ಚದಲ್ಲಿ ಒಪ್ಪಿಗೆ ಪಡೆದ ತಿದ್ದುಪಡಿ ಮಾಡಿದ ಭಾರತ್‌ನೆಟ್ ಕಾರ್ಯಕ್ರಮದಲ್ಲಿ ಎರಡು ಮುಖ್ಯ ಬದಲಾವಣೆಗಳಿವೆ. ಹಿಂದೆ ಬ್ಲಾಕ್ ಕೇಂದ್ರದಿಂದ ಪಂಚಾಯಿತಿಗೆ ಒಂದೇ ಸಾಲಿನಲ್ಲಿ ಕೇಬಲ್ ಹೋಗುತ್ತಿದ್ದುದರಿಂದ ನಡುವೆ ಒಂದು ಕಡೆ ಕಡಿದರೆ ಆಚೆಯ ಊರುಗಳೆಲ್ಲ ಕತ್ತಲಾಗುತ್ತಿದ್ದವು. ಈಗ ಉಂಗುರದ ಆಕಾರದಲ್ಲಿ ಜೋಡಿಸುವುದರಿಂದ ಒಂದು ಕಡೆ ಕಡಿದಾಗ ಸಂಕೇತ ಇನ್ನೊಂದು ಕಡೆಯಿಂದ ಸುತ್ತಿ ಬರುತ್ತದೆ. ಎರಡನೆಯದಾಗಿ, ಜಾಲ ನಿರ್ಮಿಸಿದ ಗುತ್ತಿಗೆದಾರನೇ ಹತ್ತು ವರ್ಷ ಅದನ್ನು ನೋಡಿಕೊಳ್ಳಬೇಕೆಂಬ ಕರಾರು. ಗ್ರಾಮೀಣ ಪ್ರದೇಶದಲ್ಲಿ ಒಂದೂವರೆ ಕೋಟಿ ಮನೆಗಳಿಗೆ ಸಂಪರ್ಕ ಕೊಡುವುದು ಇದರ ಗುರಿ. ಉಂಗುರವು ಪಂಚಾಯಿತಿಯವರೆಗಿನ ಕಡಿತಕ್ಕೆ ಪರಿಹಾರವಾಗಬಲ್ಲದು. ಪಂಚಾಯಿತಿಯ ಕಂಬದಿಂದ ಮನೆಯ ಗೋಡೆಯವರೆಗಿನ ಕೊನೆಯ ಕೆಲವು ನೂರು ಮೀಟರುಗಳಿಗೆ ಅಲ್ಲ.

ಕೇಬಲ್ಲು ಇನ್ನೂ ಬಾರದ ಅಥವಾ ನೆಚ್ಚಲಾಗದ ಮನೆಗಳಿಗೆ ಉಳಿಯುವುದು ಗಾಳಿಯ ದಾರಿ. ಮಲೆನಾಡಿನ ಕಾಡುಕಣಿವೆಗಳಲ್ಲಿ ಮರ ಮತ್ತು ಗುಡ್ಡ ಸಂಕೇತವನ್ನು ತಡೆಯುತ್ತವೆ. 2021ರಲ್ಲಿ ಸುಳ್ಯ ತಾಲ್ಲೂಕಿನಲ್ಲಿ ಸಿಗ್ನಲ್ಲಿಗಾಗಿ ರಸ್ತೆಬದಿ ಕುಳಿತು ಆನ್‌ಲೈನ್ ಪಾಠ ಕೇಳುತ್ತಿದ್ದ ಮಗಳಿಗೆ ತಂದೆ ಕೊಡೆ ಹಿಡಿದ ಚಿತ್ರವನ್ನು ಕನ್ನಡನಾಡು ಮರೆತಿರಲಾರದು. ಆದವಾನಿ ಸೀಮೆ ಬಹುಮಟ್ಟಿಗೆ ಬಯಲು. ಇಲ್ಲಿ ಅಡ್ಡ ಬರುವುದು ಅಲ್ಲಲ್ಲಿ ಎದ್ದು ನಿಂತ ಬಂಡೆಗುಡ್ಡಗಳು ಮಾತ್ರ, ಅವುಗಳ ಮರೆಯಲ್ಲಿರುವ ಹಳ್ಳಿಗೆ ಟವರು ಎರಡೇ ಮೈಲಿ ದೂರವಿದ್ದರೂ ಸಿಗದು. ಫೋನಿನಲ್ಲಿ ಸಿಗ್ನಲ್ ಗೆರೆಗಳು ತುಂಬಿದ್ದರೂ ನೆಟ್ ನಡೆಯದಿದ್ದರೆ, ದೋಷವಿರುವುದು ಸಾಮಾನ್ಯವಾಗಿ ಟವರಿನಿಂದ ಮನೆಗೆ ಬರುವ ದಾರಿಯಲ್ಲಲ್ಲ. ಟವರಿಗೆ ಹಿಂದಿನಿಂದ ಬರುವ ಹರಿವು ಸಾಲದಿರುವುದರಲ್ಲಿ ಅಥವಾ ಒಂದೇ ಹೊತ್ತಿಗೆ ಬಳಸುವವರು ಹೆಚ್ಚಿರುವುದರಲ್ಲಿ. ಹಗರಿ ಮತ್ತು ತುಂಗಭದ್ರಾ ದಡದ ಊರುಗಳಲ್ಲಿ ಫೋನು ಆಚೆ ದಡದ ಕರ್ನಾಟಕದ ಟವರನ್ನು ಹಿಡಿಯುವುದೂ ಉಂಟು. ಅಂಥ ಮನೆಗಳು ಎರಡು ಕಂಪನಿಗಳ ಸಿಮ್‌ಗಳನ್ನು ಮನೆಯ ಬೇರೆ ಬೇರೆ ಮೂಲೆಗಳಲ್ಲಿ, ಹಗಲೂ ರಾತ್ರಿಯೂ ಪರೀಕ್ಷಿಸಿ ನೋಡಿದ ಮೇಲೆಯೇ ತೀರ್ಮಾನಿಸುವುದು ಒಳಿತು. ಟ್ರಾಯ್, ಅಂದರೆ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ 2024ರಲ್ಲಿ ತಂದ ನಿಯಮಾವಳಿಯಂತೆ ಪ್ರತಿ ಮೊಬೈಲ್ ಕಂಪನಿಯೂ ತನ್ನ ಸಂಕೇತ ಎಲ್ಲೆಲ್ಲಿ ಸಿಗುತ್ತದೆ ಎಂಬ ನಕ್ಷೆಯನ್ನು ತನ್ನ ಜಾಲತಾಣದಲ್ಲಿ ಪ್ರಕಟಿಸಬೇಕು. ಹಣ ಕಟ್ಟುವ ಮುನ್ನ ಅದನ್ನೂ ನೋಡಬಹುದು.

2023ರಿಂದ ಜಿಯೊ ಮತ್ತು ಏರ್‌ಟೆಲ್ ಕಂಪನಿಗಳು ಏರ್‌ಫೈಬರ್ ಎಂಬ ಹೆಸರಿನಲ್ಲಿ ಕೊಡುತ್ತಿರುವುದು ಫೈಬರ್ ಅಲ್ಲ, 5ಜಿ ಟವರಿನ ಸಂಕೇತವನ್ನು ಮಾಳಿಗೆಯ ಮೇಲಿನ ಪೆಟ್ಟಿಗೆಯಿಂದ ಹಿಡಿದು ಮನೆಗೆ ಹಂಚುವ ವ್ಯವಸ್ಥೆ. ಟವರು ಹತ್ತಿರವಿದ್ದು ಕಣ್ಣಿಗೆ ಕಾಣುವಂತಿದ್ದರೆ ಇದು ಚೆನ್ನಾಗಿಯೇ ನಡೆಯುತ್ತದೆ, ಕಡಿಯಲು ಕೇಬಲ್ಲೇ ಇರುವುದಿಲ್ಲ. ಉಪಗ್ರಹ ಅಂತರ್ಜಾಲಕ್ಕೆ ಸ್ಟಾರ್‌ಲಿಂಕ್ ಕಂಪನಿ 2025ರಲ್ಲಿ ಭಾರತದ ಪರವಾನಗಿ ಪಡೆದಿದೆ. ಆದರೆ ಮನೆಯಿಂದ ಕೂಗಳತೆಯ ದೂರದಲ್ಲಿ ಗಾಜಿನೆಳೆ ಇರುವ ಬಯಲುಸೀಮೆಗೆ ಆಕಾಶದ ದಾರಿ ಮೊದಲ ಆಯ್ಕೆಯಾಗಬೇಕಿಲ್ಲ.

ಮನೆಯೊಳಗಿನ ಕೆಲವು ಸಂಗತಿಗಳು ಹೊರಗಿನ ಜಾಲದಷ್ಟೇ ಮುಖ್ಯ. ಒಎನ್‌ಟಿ ಪೆಟ್ಟಿಗೆಯ ದೀಪಗಳನ್ನು ಓದಲು ಕಲಿತರೆ ಅರ್ಧ ದೂರು ಬಗೆಹರಿಯುತ್ತದೆ. ಎಲ್‌ಒಎಸ್ ಎಂಬ ಅಕ್ಷರಗಳ ಬಳಿ ಕೆಂಪು ದೀಪ ಮಿನುಗುತ್ತಿದ್ದರೆ ಬೆಳಕು ಮನೆಗೆ ತಲುಪುತ್ತಿಲ್ಲವೆಂದು, ಅಂದರೆ ಕೇಬಲ್ ಕಡಿದಿದೆ ಅಥವಾ ಬಾಗಿದೆ ಎಂದು ತಿಳಿಯಬೇಕು. ಪಾನ್ ಎಂಬ ದೀಪ ಹಸಿರಾಗಿ ಸ್ಥಿರವಾಗಿದ್ದೂ ನೆಟ್ ಇಲ್ಲದಿದ್ದರೆ ಕೇಬಲ್ ಸರಿಯಿದೆ. ದೋಷ ಖಾತೆಯಲ್ಲಿ ಅಥವಾ ಕಂಪನಿಯ ಯಂತ್ರದಲ್ಲಿದೆ. ದೂರು ಕೊಡುವಾಗ ಈ ವಿವರವನ್ನು ಹೇಳಿದರೆ ಆಪರೇಟರನು ಬೆಸೆಯುವವನನ್ನು ಕರೆಯಬೇಕೋ ಬೇಡವೋ ಎಂದು ಅಲ್ಲಿಯೇ ತೀರ್ಮಾನಿಸಬಲ್ಲನು. ಕರೆಂಟು ಹೋದಾಗ ಕೇಬಲ್ಲಿನಲ್ಲಿ ಸಾಮಾನ್ಯವಾಗಿ ಬೆಳಕು ಇರುತ್ತದೆ, ಆದರೆ ಪೆಟ್ಟಿಗೆ ಸತ್ತಿರುತ್ತದೆ; ಈ ಪೆಟ್ಟಿಗೆಗಳು ಸಾಮಾನ್ಯವಾಗಿ 12 ವೋಲ್ಟಿನವಾದ್ದರಿಂದ ಒಂದೆರಡು ಸಾವಿರ ರೂಪಾಯಿಯ ಸಣ್ಣ ರೂಟರ್ ಯುಪಿಎಸ್ ಕೆಲವು ಗಂಟೆ ನಡೆಸುತ್ತದೆ. ಈ ಭಾಗದ ಹಳೆಯ ಮಾಳಿಗೆ ಮನೆಗಳ ದಪ್ಪ ಕಲ್ಲುಗೋಡೆ ವೈಫೈ ಸಂಕೇತವನ್ನು ಬಹಳವಾಗಿ ಕುಗ್ಗಿಸುವುದರಿಂದ, ಪೆಟ್ಟಿಗೆಯನ್ನು ಪಡಸಾಲೆಯ ನಡುವೆ, ಎತ್ತರದಲ್ಲಿ ಇರಿಸಬೇಕು. ಹಿಂಬದಿಯ ಕೋಣೆಗೆ ವೈಫೈಗಿಂತ ಒಂದು ತಂತಿಯನ್ನೇ ಎಳೆಯುವುದು ಲೇಸು. ಹಾಗೆಯೇ ಮನೆಗೆ ಬರುವ ಕಪ್ಪು ಅಥವಾ ಬಿಳಿಯ ಸಣ್ಣ ಕೇಬಲ್ಲನ್ನು ಬಾಗಿಲ ಸಂದಿಯಲ್ಲಿ ಮಡಚುವುದು, ಬಟ್ಟೆ ಒಣಹಾಕುವ ಹಗ್ಗವಾಗಿ ಬಳಸುವುದು ಬೆಳಕನ್ನು ಕೊಲ್ಲುತ್ತದೆ.

ಬಳಕೆದಾರರಿಗೆ ಕಾನೂನಿನ ಬಲವೂ ಇದೆ, ಅದು ತಿಳಿದಿರುವವರು ಕಡಿಮೆ. ಪ್ರತಿ ದೂರಿಗೂ ಕಂಪನಿಯು ಡಾಕೆಟ್ ಸಂಖ್ಯೆ ಎಂಬ ದೂರಿನ ಸಂಖ್ಯೆಯನ್ನು ಕೊಡಲೇಬೇಕು. ಪರಿಹಾರ ಸಿಗದಿದ್ದರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಖರ್ಚಿಲ್ಲದೆ ಮೇಲ್ಮನವಿ ಸಲ್ಲಿಸಬಹುದು. 2024ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ಟ್ರಾಯ್ ನಿಯಮಾವಳಿಯಂತೆ ತಂತಿಯ ಸಂಪರ್ಕದ ದೋಷವು ಮೂರು ದಿನಗಳೊಳಗೆ ಸರಿಯಾಗದಿದ್ದರೆ ಗ್ರಾಹಕನಿಗೆ ಪರಿಹಾರ ಸಲ್ಲಬೇಕು. ದೂರಸಂಪರ್ಕ ಸೇವೆಯ ಕೊರತೆಗೆ ಗ್ರಾಹಕ ಆಯೋಗದ ಮೊರೆಹೋಗಬಹುದೆಂದು ಸುಪ್ರೀಂ ಕೋರ್ಟು 2022ರ ಫೆಬ್ರುವರಿಯಲ್ಲಿ ಸ್ಪಷ್ಟಪಡಿಸಿದೆ. ಇದೆಲ್ಲಕ್ಕೂ ಆಧಾರ ಆ ಡಾಕೆಟ್ ಸಂಖ್ಯೆ. ಆಪರೇಟರನಿಗೆ ಬಾಯಿಮಾತಿನಲ್ಲಿ ಹೇಳಿದ ದೂರು ಲೆಕ್ಕಕ್ಕೆ ಬರುವುದಿಲ್ಲ. ಈ ಸೀಮೆಯ ಕನ್ನಡಿಗರು ತೆಲುಗು ಮಾತನಾಡಬಲ್ಲರು, ಆದರೆ ಹಿರಿಯರಲ್ಲಿ ಹಲವರಿಗೆ ತೆಲುಗಿನ ಬರವಣಿಗೆ ಕಷ್ಟ. ಭಾಷಾ ಅಲ್ಪಸಂಖ್ಯಾತರು ಶೇಕಡಾ 15ಕ್ಕಿಂತ ಹೆಚ್ಚಿರುವ ಕಡೆ ಮುಖ್ಯ ಸರ್ಕಾರಿ ಸೂಚನೆಗಳು ಅವರ ಭಾಷೆಯಲ್ಲಿಯೂ ಇರಬೇಕೆಂಬ ಒಪ್ಪಿತ ರಕ್ಷಣೆಯಿದ್ದು, ದೂರು ಸಲ್ಲಿಸುವ ವಿಧಾನವನ್ನು ಕನ್ನಡದಲ್ಲಿಯೂ ಗ್ರಾಮ ಸಚಿವಾಲಯದ ಗೋಡೆಗೆ ಬರೆಸಬೇಕೆಂದು ಕೇಳುವುದು ನ್ಯಾಯವಾದ ಬೇಡಿಕೆಯೇ ಆಗಿದೆ.

ಕೊನೆಯ ಕೆಲವು ನೂರು ಮೀಟರುಗಳ ಪ್ರಶ್ನೆಯನ್ನು ಬೇರೆಡೆಯ ಹಳ್ಳಿಗಳು ತಾವೇ ಬಿಡಿಸಿಕೊಂಡ ಉದಾಹರಣೆಗಳಿವೆ. ಇಂಗ್ಲೆಂಡಿನ ಲ್ಯಾಂಕಶೈರ್ ಭಾಗದಲ್ಲಿ ಕಂಪನಿಗಳು ಹಳ್ಳಿಗೆ ಬರಲು ಒಪ್ಪದಾಗ 2011ರಲ್ಲಿ ಬಿಫೋರ್‌ಆರ್‌ಎನ್ ಎಂಬ ಜನರದೇ ಸಂಘ ಹುಟ್ಟಿ, ರೈತರು ತಮ್ಮ ಹೊಲಗಳಲ್ಲಿ ಉಚಿತವಾಗಿ ದಾರಿ ಬಿಟ್ಟುಕೊಟ್ಟು, ತಾವೇ ಕಾಲುವೆ ತೋಡಿ ಕೇಬಲ್ ಹಾಕಿದರು. ಹೂಳಿದ ಕೇಬಲ್ ಎಲ್ಲಿದೆಯೆಂಬುದು ಊರಿನವರಿಗೇ ಗೊತ್ತಿರುವುದರಿಂದ ಅದರ ಕಾಪೂ ಅವರದೇ ಆಯಿತು. ರಾಜ್ಯವೇ ಮುಂದಾದ ಉದಾಹರಣೆಯೂ ಇದೆ: ಕೇರಳವು 2023ರ ಜೂನ್‌ನಲ್ಲಿ ಕೆಫೋನ್ ಎಂಬ ರಾಜ್ಯದ ಜಾಲವನ್ನು ಆರಂಭಿಸಿ ಬಡ ಕುಟುಂಬಗಳಿಗೆ ಉಚಿತ ಸಂಪರ್ಕದ ಗುರಿ ಇರಿಸಿಕೊಂಡಿತು.

ಆದವಾನಿಯ ಹಳ್ಳಿಗಳು ಅಷ್ಟು ದೊಡ್ಡದನ್ನು ಕೈಗೆತ್ತಿಕೊಳ್ಳಬೇಕಾಗಿಲ್ಲ, ಏಕೆಂದರೆ ಕೇಬಲ್ಲು ಈಗಾಗಲೇ ಕಂಬದ ಮೇಲಿದೆ. ಬೇಕಾಗಿರುವುದು ಪ್ರತಿ ಮಂಡಲಕ್ಕೆ ಒಂದು ಬೆಸುಗೆ ಯಂತ್ರ, ಅದನ್ನು ನಡೆಸಲು ತರಬೇತಿ ಪಡೆದ ಊರಿನ ಇಬ್ಬರು ಯುವಕರು ಅಥವಾ ಯುವತಿಯರು, ಅವರಿಗೆ ಕಡಿತ ಸರಿಪಡಿಸಿದಷ್ಟಕ್ಕೂ ನಿಗದಿಯಾದ ಕೂಲಿ, ಮತ್ತು ರಸ್ತೆ ದಾಟುವ ಕಡೆ ಕೇಬಲ್ಲನ್ನು ಲಾರಿಯ ಎತ್ತರಕ್ಕಿಂತ ಮೇಲೆತ್ತುವ ಗಟ್ಟಿ ಕಂಬಗಳು. ಐಟಿಐ ಮುಗಿಸಿ ಕೆಲಸವಿಲ್ಲದೆ ಬೆಂಗಳೂರಿನ ಬಸ್ಸು ಹತ್ತುವ ಹುಡುಗರಿರುವ ಸೀಮೆಯಲ್ಲಿ ಈ ಆಳುಗಳಿಗೆ ಬರವಿಲ್ಲ. ಒಂದು ಪಂಚಾಯಿತಿಗೆ ಹೊರೆಯಾಗುವ ಯಂತ್ರದ ಬೆಲೆ ಮಂಡಲದ ಪಂಚಾಯಿತಿಗಳೆಲ್ಲ ಹಂಚಿಕೊಂಡರೆ ಹೊರೆಯಲ್ಲ. ಮುಂದಿನ ಗ್ರಾಮಸಭೆಯಲ್ಲಿ ಬೀದಿದೀಪ ಮತ್ತು ಕುಡಿಯುವ ನೀರಿನ ಜೊತೆಗೆ ಈ ವಿಷಯವನ್ನೂ ಲಿಖಿತವಾಗಿ ಎತ್ತಿ, ಕೇಬಲ್ ಕಡಿದರೆ ಯಾರು, ಎಲ್ಲಿಂದ, ಎಷ್ಟು ದಿನದೊಳಗೆ ಬರಬೇಕು ಎಂಬುದನ್ನು ನಡಾವಳಿಯಲ್ಲಿ ಬರೆಸುವಂತೆ ಈ ಭಾಗದ ಓದುಗರು ಒತ್ತಾಯಿಸಬೇಕು. ಹೊಸ ಸಂಪರ್ಕಕ್ಕೆ ಹಣ ಕಟ್ಟುವವರು ವೇಗವೆಷ್ಟು ಎಂದು ಕೇಳುವ ಮೊದಲು ಇದೇ ಪ್ರಶ್ನೆಯನ್ನು ಆಪರೇಟರನಿಗೂ ಕೇಳಬೇಕು.